ನೇತ್ರಾಣಿಗೆ ಬೋಯಾ ಹಾಕಿಸಿ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಹೊನ್ನಾವರದವನು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ಗುಡ್ಡ ಎಂಬ ದ್ವೀಪದ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದೆ. ಮೊನ್ನೆ ಸೀಸನ್‌ನಲ್ಲಿ ಮೊದಲ ಸಲ ಅಲ್ಲಿ ಸ್ಕೂಬಾಕ್ಕೆ ಇಳಿದೆ.

ನೀರು ತಿಳಿಯಾಗಿತ್ತು. ಗಿಳಿ ಮೀನುಗಳು ಹವಳ ಕಚ್ಚುವ ಟಕ್ ಟಕ್ ಸದ್ದು ಕಿವಿಗೇ ಕೇಳುತ್ತಿತ್ತು. ಅಷ್ಟರಲ್ಲಿ ಪಕ್ಕದ ಬೋಟಿನ ಲಂಗರು ಸರಪಳಿ ಸಮೇತ ಇಳಿಯಿತು. ಮೇಲೆ ಬೋಟು ಹೊಯ್ದಾಡಿದ ಹಾಗೆಲ್ಲ ಕೆಳಗೆ ಸರಪಳಿ ಬಂಡೆಯನ್ನು ತಿಕ್ಕುತ್ತಿತ್ತು. ಮುರಿದ ಹವಳದ ಬಿಳಿ ಚೂರುಗಳನ್ನು ನೋಡಿ ಕರುಳು ಚುರುಕ್ ಎಂದಿತು.

ಹವಳ ಕಲ್ಲಲ್ಲ, ಜೀವ. ಗುಂಡಗೆ ಬೆಳೆಯುವ ಜಾತಿಯದು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಹಿಗ್ಗುತ್ತದೆ. ಒಂದು ಲಂಗರಿನ ಏಟಿಗೆ ಎಷ್ಟು ವರ್ಷದ ಬೆಳೆ ಹೋಗುತ್ತದೆ, ಲೆಕ್ಕ ಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯ ಜೊತೆ ಒಂದನೇ ಪಟ್ಟಿಯಲ್ಲೇ ಹವಳವೂ ಇದೆ.

ಬೋಟಿನವರನ್ನು ನಾನು ದೂರುತ್ತಿಲ್ಲ. ನೀರಿನಲ್ಲಿ ಜನ ಇರುವಾಗ ಬೋಟು ಒಂದೆಡೆ ನಿಲ್ಲಲೇಬೇಕು, ಅಲ್ವಾ? ಹಾಗಾಗಿ ಸುಮ್ನೆ 'ಲಂಗರು ನಿಷೇಧ' ಎಂಬ ಬೋರ್ಡ್ ಹಾಕಿದರೆ ಆಗುವುದಿಲ್ಲ. ಹವಳವಿಲ್ಲದ ಮರಳಿನ ತಳದಲ್ಲಿ ಭಾರದ ಕಾಂಕ್ರೀಟ್ ದಿಮ್ಮಿ ಇಳಿಸಬೇಕು. ಅದಕ್ಕೆ ಗಟ್ಟಿ ಹಗ್ಗ ಕಟ್ಟಿ, ಮೇಲೆ ತೇಲುವ ಬೋಯಾ ಬಿಡಬೇಕು. ಬಂದ ಬೋಟು ಅದಕ್ಕೇ ಕಟ್ಟಿಕೊಳ್ಳುತ್ತದೆ. ಎಲ್ಲ ಬೋಟಿಗೂ ಸಾಕಾಗುವಷ್ಟು ಬೋಯಾ ಬೇಕು. ಪ್ರತಿ ಮಳೆಗಾಲ ಕಳೆದ ಮೇಲೆ ಹಗ್ಗದ ತಪಾಸಣೆಯೂ ಆಗಬೇಕು.

ಜಾಗ ಗುರುತಿಸುವಾಗ ನಮ್ಮ ಮೀನುಗಾರರನ್ನು ಕೇಳಿ. ಗುಡ್ಡದ ಮೇಲಿನ ಜಟ್ಟಿಗನಿಗೆ ಹರಕೆಯ ಆಡು ಬಿಟ್ಟು ಬರುವವರು ಅವರು. ಯಾವ ಮಗ್ಗುಲಲ್ಲಿ ಸೆಳೆತ ಜಾಸ್ತಿ, ಎಲ್ಲಿ ಮರಳಿದೆ ಎಂಬುದು ಅವರಿಗೆ ಗೊತ್ತು. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಮರಗಳಿಂದ ಬೋಟುಗಳು ದೂರವೇ ಇರಲಿ.

ನೌಕಾಪಡೆ ಗುರಿ ಅಭ್ಯಾಸಕ್ಕೆ ಇದೇ ಗುಡ್ಡವನ್ನು ಬಳಸಿದ್ದು ನಿಮಗೆ ಗೊತ್ತು. ಅದು ದಿಲ್ಲಿಯಲ್ಲಿ ತೀರ್ಮಾನವಾಗಬೇಕಾದ ಮಾತು. ಲಂಗರಿನ ವಿಷಯಕ್ಕೆ ಕಾರವಾರ ಸಾಕು. ಪ್ರವಾಸೋದ್ಯಮ, ಅರಣ್ಯ, ಬಂದರು, ಮೀನುಗಾರಿಕೆ ಇಲಾಖೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಬಲ್ಲವರು ನೀವು. ದಯವಿಟ್ಟು ಈ ಮಳೆಗಾಲದಲ್ಲೇ ಆ ಸಭೆ ಕರೆಯಿರಿ. ಮಳೆ ನಿಂತ ಕೂಡಲೇ ಬೋಟುಗಳು ಮತ್ತೆ ಹೊರಡುತ್ತವೆ.

ವಿಶ್ವಾಸದಿಂದ,
ಹೊನ್ನಾವರದ ಒಬ್ಬ ನಾಗರಿಕ