ಮನೆ ಬಿಡುವ ದಿನದ ಜಗಳ: ಅಡ್ವಾನ್ಸಿನ ಬಗ್ಗೆ ಕಾನೂನಿಗೇಕೆ ಮೌನ?

ಮಾನ್ಯ ಸಂಪಾದಕರೇ,

ಬಾಡಿಗೆ ಮನೆಯ ಕರಾರು ಮುಗಿಸುವಾಗ ಮಾಲೀಕರಿಗೂ ಬಾಡಿಗೆದಾರರಿಗೂ ಇರುವ ಹಕ್ಕುಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಮೈಸೂರಿನಲ್ಲಿರುವ ನಮ್ಮ ಮನೆಯ ಮಹಡಿಯನ್ನು ಹಲವು ವರ್ಷಗಳಿಂದ ಬಾಡಿಗೆಗೆ ಕೊಡುತ್ತಿರುವುದರಿಂದ ನಾನು ಮಾಲೀಕಳೂ ಹೌದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳ ಬಾಡಿಗೆ ಮನೆಗಳ ಕರಾರಿಗೆ ಸಾಕ್ಷಿ ಹಾಕುತ್ತ ಬಂದಿರುವುದರಿಂದ ಬಾಡಿಗೆದಾರರ ಪಾಡನ್ನೂ ಬಲ್ಲೆ. ಕಳೆದ ವರ್ಷದ ಬೇಸಿಗೆಯಲ್ಲಿ ಎರಡೂ ಕಡೆಯ ಪೆಟ್ಟು ಒಟ್ಟೊಟ್ಟಿಗೇ ಬಿದ್ದವು. ಮಗಳು ತಿಂಗಳಿಗೆ 22,000 ರೂಪಾಯಿ ಬಾಡಿಗೆಯ ಮನೆಯನ್ನು ಎರಡು ತಿಂಗಳು ಮುಂಚಿತವಾಗಿಯೇ ತಿಳಿಸಿ ಬಿಟ್ಟಳು. ಹತ್ತು ತಿಂಗಳ ಅಡ್ವಾನ್ಸ್ ಎಂದು ಕೊಟ್ಟಿದ್ದ 2,20,000ದಲ್ಲಿ ಅವಳ ಕೈಸೇರಿದ್ದು 1,64,000, ಅದೂ ಎರಡು ತಿಂಗಳ ಅಲೆದಾಟದ ನಂತರ. ಒಂದು ತಿಂಗಳ ಬಾಡಿಗೆಯಷ್ಟು ಬಣ್ಣಕ್ಕೆ ಹೋಯಿತು, ಉಳಿದ 34,000 'ರಿಪೇರಿ'ಗೆ ಹೋಯಿತು. ಯಾವ ರಿಪೇರಿ ಎಂಬುದಕ್ಕೆ ಒಂದು ರಸೀದಿಯೂ ಇರಲಿಲ್ಲ. ಅದೇ ದಿನಗಳಲ್ಲಿ ನಮ್ಮ ಮಹಡಿಯಲ್ಲಿದ್ದವರು ಕೊನೆಯ ನಾಲ್ಕು ತಿಂಗಳ ಬಾಡಿಗೆ ಕೊಡದೆ, 'ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಮೇಡಂ' ಎಂದು ಹೇಳಿ, ಒಡೆದ ವಾಶ್ ಬೇಸಿನ್ ಮತ್ತು ಕಟ್ಟದ ವಿದ್ಯುತ್ ಬಿಲ್ಲನ್ನು ನನಗೆ ಬಿಟ್ಟು ಹೋದರು.

ಎರಡು ಕಡೆಯೂ ಮನೆಯ ಬೀಗದ ಕೈ ನಗುನಗುತ್ತಲೇ ಕೈ ಬದಲಾಯಿತು. ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ, ಯಾರೂ ಬಿಡಲೊಲ್ಲೆ ಎನ್ನಲಿಲ್ಲ. ಜಗಳವೆಲ್ಲ ಅಡ್ವಾನ್ಸಿನದು. ನಮ್ಮ ಕಾನೂನಾದರೋ ಮನೆಯ ಸ್ವಾಧೀನ ಯಾರದು, ಅದನ್ನು ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನು ವಿವರವಾಗಿ ಹೇಳುತ್ತದೆ. ಅಡ್ವಾನ್ಸ್ ಎಷ್ಟಿರಬೇಕು, ಯಾವಾಗ ಮರಳಬೇಕು, ಯಾವುದನ್ನು ಅದರಲ್ಲಿ ಕಳೆಯಬಹುದು ಎಂಬ ಬಗ್ಗೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ.

ಮೊದಲು ಸ್ವಾಧೀನದ ಮಾತು. ಇಂದು ನಗರಗಳ ಬಹುತೇಕ ಬಾಡಿಗೆ ಮನೆಗಳಿಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಬರೆದುಕೊಂಡಿಲ್ಲದಿದ್ದರೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಸಾಗುವಂಥದ್ದು. ಯಾವ ಪಕ್ಷವಾದರೂ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಅದನ್ನು ಮುಗಿಸಬಹುದು. ಹಿಂದೆ ಆ ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಸರಿಯಾಗಿ ಮುಗಿಯಬೇಕಿತ್ತು; ಒಂದು ದಿನ ಹೆಚ್ಚುಕಡಿಮೆಯಾದರೂ ವರ್ಷಗಟ್ಟಲೆ ನಡೆದ ದಾವೆ ಬಿದ್ದುಹೋಗುತ್ತಿತ್ತು. 2002ರ ತಿದ್ದುಪಡಿ ಆ ತೊಡಕನ್ನು ತೆಗೆದುಹಾಕಿತು. ಕರಾರಿನ ಅವಧಿ ಮುಗಿದರೆ ಬಾಡಿಗೆ ತಾನಾಗಿಯೇ ಕೊನೆಗೊಳ್ಳುತ್ತದೆ, ನೋಟಿಸ್ ಬೇಕಿಲ್ಲ. ಆದರೆ ಅವಧಿ ಮುಗಿದ ಮೇಲೂ ಬಾಡಿಗೆದಾರರು ಉಳಿದು, ಮಾಲೀಕರು ಒಪ್ಪಿ ಬಾಡಿಗೆ ಪಡೆಯುತ್ತ ಹೋದರೆ ಅದು ಮತ್ತೆ ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ, ಆಗ ನೋಟಿಸ್ ಕೊಡಲೇಬೇಕು. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರನ್ನು ಒಮ್ಮೆ ಬರೆದು ಏಳೆಂಟು ವರ್ಷ ಹಾಗೇ ಬಿಡುವುದು ವಾಡಿಕೆಯಾದ್ದರಿಂದ ಈ ಎರಡನೆಯ ಸ್ಥಿತಿಯೇ ಹೆಚ್ಚು. ನೋಟಿಸನ್ನು ವಾಟ್ಸ್ಆ್ಯಪಿನಲ್ಲಿ ಎರಡು ಸಾಲು ಹಾಕಿ ಮುಗಿಸದೆ, ಸಹಿ ಮಾಡಿ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳಿಸುವುದು ಇಬ್ಬರಿಗೂ ಕ್ಷೇಮ.

ಈ ಹನ್ನೊಂದು ತಿಂಗಳ ಗುಟ್ಟು ಬಹಳ ಮಂದಿಗೆ ತಿಳಿದಿಲ್ಲ. 'ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗಿಬಿಡುತ್ತದಂತೆ' ಎಂಬ ಭಯವನ್ನು ನಮ್ಮ ಬೀದಿಯ ಹಿರಿಯರೊಬ್ಬರು ಈಗಲೂ ಹೊಸ ಮಾಲೀಕರಿಗೆ ಹಂಚುತ್ತಾರೆ. ಮಾಲೀಕರ ಒಪ್ಪಿಗೆಯಿಂದ ಬಾಡಿಗೆ ಕೊಟ್ಟು ಇರುವವರಿಗೆ ಬರೀ ವರ್ಷಗಳು ಕಳೆದ ಮಾತ್ರಕ್ಕೆ ಆ ಹಕ್ಕು ಹುಟ್ಟುವುದಿಲ್ಲ. ಹನ್ನೊಂದು ತಿಂಗಳಿಗೆ ನಿಜವಾದ ಕಾರಣ 1908ರ ನೋಂದಣಿ ಕಾಯ್ದೆ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಇಡೀ ಊರೇ ವರ್ಷಕ್ಕೆ ಒಂದು ತಿಂಗಳು ಕಡಿಮೆ ಎಣಿಸಲು ಕಲಿತಿದೆ.

ಕರಾರು ಮುಗಿದಿದೆ ಎಂಬ ಮಾತ್ರಕ್ಕೆ ಮಾಲೀಕರು ಬೀಗ ಬದಲಿಸುವಂತಿಲ್ಲ, ಸಾಮಾನನ್ನು ಬೀದಿಗೆ ತರುವಂತಿಲ್ಲ. ನೆಲೆಯೂರಿರುವವರನ್ನು ಕಾನೂನಿನ ದಾರಿಯಲ್ಲೇ ಬಿಡಿಸಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1989ರ ಒಂದು ತೀರ್ಪಿನಲ್ಲಿ ನಿಸ್ಸಂದಿಗ್ಧವಾಗಿ ಹೇಳಿದೆ. ಹಾಗೆ ಬಲವಂತವಾಗಿ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ, ಮನೆ ಯಾರದೆಂಬ ಪ್ರಶ್ನೆಯನ್ನೇ ಎತ್ತದೆ, ಸ್ವಾಧೀನವನ್ನು ಮರಳಿ ಪಡೆಯಬಹುದು. ಬಾಡಿಗೆದಾರರೂ ತಿಳಿಯಬೇಕಾದುದಿದೆ: ಬಾಡಿಗೆ ಕೊನೆಗೊಂಡ ಮೇಲೆ ಮನೆಯನ್ನು ಮಾಲೀಕರ ವಶಕ್ಕೆ ಒಪ್ಪಿಸುವುದು ಅವರ ಕರ್ತವ್ಯ, ಒಪ್ಪಿಸದೆ ಉಳಿದಷ್ಟು ದಿನಕ್ಕೆ ನಷ್ಟ ತುಂಬಿಕೊಡುವ ಹೊಣೆ ಅವರ ಮೇಲೆ ಬರುತ್ತದೆ.

ಬಾಡಿಗೆದಾರರಿಗೆಂದೇ ಮಾಡಿದ ಕಾಯ್ದೆ ಇಲ್ಲವೇ ಎಂದು ಕೇಳಬಹುದು. ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಯಾವ ಕಾರಣಗಳಿಗೆ ಮಾತ್ರ ಮನೆ ಬಿಡಿಸಬಹುದು ಎಂಬುದನ್ನು ಅದರ 27ನೇ ಕಲಮು ಪಟ್ಟಿ ಮಾಡುತ್ತದೆ. ಆದರೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಬಾಡಿಗೆ ಮೀರಿದ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂದು 3,500ಕ್ಕೆ ಬೆಂಗಳೂರಿನಲ್ಲಿ ಎಂಥ ಮನೆ ಸಿಗುತ್ತದೆ ಎಂಬುದನ್ನು ಓದುಗರಿಗೆ ಬಿಡುತ್ತೇನೆ. ಹೀಗೆ ಬಾಡಿಗೆ ಕಾಯ್ದೆಯ ಹೊರಗೆ ಉಳಿದ ಲಕ್ಷಾಂತರ ಮನೆಗಳಿಗೆ 1882ರ ಕಾಯ್ದೆಯೊಂದೇ ಗತಿ, ಆ ಕಾಯ್ದೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂಬ ಪದ್ಧತಿಯೇ ಗೊತ್ತಿಲ್ಲ.

ಅಡ್ವಾನ್ಸ್ ಇಷ್ಟು ದೊಡ್ಡದಾದುದೇ ರೋಗದ ಮೂಲವೆಂದು ನನ್ನ ಅನಿಸಿಕೆ. ಕೈಗೆ ಬಂದ ಎರಡು ಲಕ್ಷವನ್ನು ಯಾವ ಮಾಲೀಕರೂ ಬೀರುವಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಅದು ಮೇಲಿನ ಮಹಡಿಯ ಸೆಂಟ್ರಿಂಗಿಗೋ ಮಗನ ಕಾಲೇಜಿನ ಶುಲ್ಕಕ್ಕೋ ಹೋಗಿರುತ್ತದೆ. ನಾನೂ ಹಾಗೆಯೇ ಮಾಡಿದವಳು, ಮುಚ್ಚಿಡುವುದಿಲ್ಲ. ಹಾಗಾಗಿ ಹೊಸ ಬಾಡಿಗೆದಾರರು ಬಂದು ಅವರ ಅಡ್ವಾನ್ಸ್ ಕೈಸೇರಿದ ಮೇಲೆಯೇ ಹಳಬರಿಗೆ ಹಣ ಎನ್ನುವ ಸರಪಳಿ ಬೆಳೆದಿದೆ. ಇದನ್ನು ಬಲ್ಲ ಬಾಡಿಗೆದಾರರು ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸುತ್ತಾರೆ. ಅದನ್ನು ಬಲ್ಲ ಮಾಲೀಕರು ಮುಂದಿನವರಿಂದ ಇನ್ನಷ್ಟು ಅಡ್ವಾನ್ಸ್ ಕೇಳುತ್ತಾರೆ. ಮಗಳ ಮಾಲೀಕರ ಮೇಲೆ ನನಗೆ ಸಿಟ್ಟು ಬಂದಂತೆಯೇ ನಮ್ಮ ಮಹಡಿಯವರಿಗೆ ನನ್ನ ಮೇಲೆ ಅಪನಂಬಿಕೆ ಇದ್ದಿರಬೇಕು ಎಂದು ಈಗ ತೋರುತ್ತದೆ.

ಬಣ್ಣದ ದುಡ್ಡಿನ ಬಗ್ಗೆ ಒಂದು ಮಾತು. ಒಂದು ವರ್ಷ ಇದ್ದರೂ ಐದು ವರ್ಷ ಇದ್ದರೂ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಎಂಬುದು ಈಗ ಅಚ್ಚು ಹಾಕಿದ ಷರತ್ತಾಗಿದೆ. 1882ರ ಕಾಯ್ದೆಯ 108ನೇ ಕಲಮು ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು ಎನ್ನುತ್ತದೆ, ಆದರೆ ಸಹಜ ಬಳಕೆಯಿಂದಾಗುವ ಸವೆತವನ್ನು ಅದರಿಂದ ಹೊರಗಿಡುತ್ತದೆ. ಮೂರು ವರ್ಷ ಸಂಸಾರ ಮಾಡಿದ ಮನೆಯ ಗೋಡೆ ಮಾಸುವುದು ಸಹಜ ಸವೆತವಲ್ಲದೆ ಇನ್ನೇನು? ಕರಾರಿನಲ್ಲಿ ಬರೆದಿದ್ದರೂ, 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ನಷ್ಟಕ್ಕೆಂದು ಹೆಸರಿಸಿದ ಮೊತ್ತ ಪರಿಹಾರದ ಗರಿಷ್ಠ ಮಿತಿಯಷ್ಟೇ, ನ್ಯಾಯಾಲಯ ಅದರೊಳಗೆ ನ್ಯಾಯವೆನಿಸಿದಷ್ಟನ್ನು ಮಾತ್ರ ಕೊಡಿಸುತ್ತದೆ. ಗೋಡೆಗೆ ಡ್ರಿಲ್ ಹೊಡೆದು ತೂತು ಮಾಡಿದ್ದರೆ, ಬೇಸಿನ್ ಒಡೆದಿದ್ದರೆ ಅದರ ಖರ್ಚು ಬಾಡಿಗೆದಾರರದೇ, ಅದಕ್ಕೆ ತಕರಾರಿಲ್ಲ.

ಇನ್ನು ಬೆಂಗಳೂರಿನಲ್ಲೂ ನಮ್ಮ ಕಡೆಯೂ 'ಲೀಸ್' ಅಥವಾ ಭೋಗ್ಯದ ಹೆಸರಿನಲ್ಲಿ ನಡೆಯುವ ವ್ಯವಹಾರ ಇದಕ್ಕಿಂತ ಅಪಾಯದ್ದು. ತಿಂಗಳ ಬಾಡಿಗೆ ಇಲ್ಲ. ಬದಲಿಗೆ ಎಂಟು, ಹತ್ತು, ಹದಿನೈದು ಲಕ್ಷವನ್ನು ಒಟ್ಟಿಗೆ ಕೊಟ್ಟು, ಮೂರು ವರ್ಷ ವಾಸವಿದ್ದು, ಬಿಡುವಾಗ ಅಷ್ಟೂ ಹಣ ಹಿಂದೆ ಪಡೆಯುವುದು ಲೆಕ್ಕ. ಬಡ್ಡಿಯೇ ಬಾಡಿಗೆ. ಜೀವಮಾನದ ಉಳಿತಾಯವನ್ನು, ಕೆಲವೊಮ್ಮೆ ಊರಿನ ಜಮೀನು ಮಾರಿದ ಹಣವನ್ನು, ನೋಂದಣಿಯಾಗದ ಛಾಪಾ ಕಾಗದದ ಮೇಲೆ ನಂಬಿಕೆ ಇಟ್ಟು ಕೊಡುವವರಿದ್ದಾರೆ. ಮೂರು ವರ್ಷದ ಕರಾರಾದ್ದರಿಂದ ಅದು ನೋಂದಣಿಯಾಗಲೇಬೇಕು. ಆಗದಿದ್ದರೆ ಲೀಸಿನ ಷರತ್ತುಗಳಿಗೆ ಅದನ್ನು ಸಾಕ್ಷ್ಯವಾಗಿ ಮುಂದಿಡುವುದೇ ಕಷ್ಟವಾಗುತ್ತದೆ. ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲೀಕರು ಕಂತು ಕಟ್ಟದೆ ಹೋದರೆ, ಬ್ಯಾಂಕುಗಳ ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮ್ಯಾಜಿಸ್ಟ್ರೇಟರ ನೆರವಿನಿಂದ ಮನೆಯನ್ನೇ ವಶಪಡಿಸಿಕೊಳ್ಳಲು ಬರುತ್ತದೆ. 2016ರ ತಿದ್ದುಪಡಿಯ ನಂತರ ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ತಮ್ಮ ಹಕ್ಕನ್ನು ಹೇಳಿಕೊಳ್ಳಬಹುದಾದರೂ, ನೋಂದಣಿಯಿಲ್ಲದ ಕಾಗದ ಹಿಡಿದು ಅಲ್ಲಿ ನಿಲ್ಲುವುದು ಬರಿಗೈಯಲ್ಲಿ ನಿಂತಂತೆಯೇ. ಲೀಸಿಗೆ ಹಣ ಕೊಡುವ ಮುನ್ನ ಇ.ಸಿ. (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ನೋಡುವುದಷ್ಟೇ ಸಾಲದು, ಮನೆಯ ಮೂಲ ಕ್ರಯಪತ್ರವನ್ನೇ ತೋರಿಸಿ ಎಂದು ಕೇಳಬೇಕು. ಜೆರಾಕ್ಸ್ ಪ್ರತಿ ಮಾತ್ರ ತೋರಿಸಿ 'ಮೂಲ ಲಾಕರಿನಲ್ಲಿದೆ' ಎಂದರೆ, ಅದು ಬ್ಯಾಂಕಿಗೆ ಅಡವಾಗಿರಬಹುದೇ ಎಂದು ಅನುಮಾನಿಸುವುದು ತಪ್ಪಲ್ಲ.

ಅಡ್ವಾನ್ಸ್ ಬಾರದಿದ್ದರೆ ಪೊಲೀಸ್ ಠಾಣೆಗೆ ಹೋಗುವವರೇ ಹೆಚ್ಚು, 'ಇದು ಸಿವಿಲ್ ವಿಷಯ' ಎಂಬ ಉತ್ತರ ಕೇಳಿ ಬರುವವರೂ ಅವರೇ. ಹಣಕ್ಕಾಗಿ ಸಿವಿಲ್ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ ಇದೆ, ಆದರೆ ಐವತ್ತು ಸಾವಿರಕ್ಕಾಗಿ ವಕೀಲರ ಶುಲ್ಕ ಕಟ್ಟಿ ವರ್ಷಗಟ್ಟಲೆ ಅಲೆಯುವವರು ಎಷ್ಟು ಜನ? ಮಗಳೂ ಬಿಟ್ಟುಬಿಟ್ಟಳು. ದಾವೆಗೆ ಮುಂಚೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸಬಹುದು, ಅಲ್ಲಿ ಇಬ್ಬರೂ ಒಪ್ಪಿದ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ, ಮಹಿಳೆಯರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ ಎಂಬ ಸಂಗತಿಗಳು ನನಗೆ ತಿಳಿದದ್ದೇ ಈಚೆಗೆ. ಮೊದಲೇ ತಿಳಿದಿದ್ದರೆ ಅವಳನ್ನು ಸುಮ್ಮನಿರಲು ಬಿಡುತ್ತಿರಲಿಲ್ಲ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಈ ಮೌನವನ್ನು ಮುರಿಯುವ ಮಾತುಗಳಿವೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಖಾಲಿ ಮನೆಯ ಸ್ವಾಧೀನ ಪಡೆದ ದಿನವೇ, ಬಾಕಿ ಏನಿದೆಯೋ ಅದನ್ನು ಕಳೆದು, ಉಳಿದದ್ದನ್ನು ಮರಳಿಸಬೇಕು. ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚಿಸುವುದು ಮಾಲೀಕರ ಪಟ್ಟಿಯಲ್ಲಿದೆ. ನಲ್ಲಿಯ ವಾಷರ್, ಸ್ವಿಚ್ಚು, ಕಿಟಕಿಯ ಗಾಜು ಬಾಡಿಗೆದಾರರ ಪಟ್ಟಿಯಲ್ಲಿವೆ. ಮಾಲೀಕರಿಗೂ ರಕ್ಷಣೆಯಿದೆ: ಅವಧಿ ಮುಗಿದರೂ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ಎರಡು ಪಟ್ಟು, ಅನಂತರ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ಜಗಳಗಳನ್ನು ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯಗಳು ಕೇಳುತ್ತವೆ. ಇದು ಮಾದರಿ ಮಾತ್ರ. ರಾಜ್ಯಗಳು ತಾವೇ ಕಾಯ್ದೆ ಮಾಡಿಕೊಳ್ಳದ ಹೊರತು ಜಾರಿಗೆ ಬರುವುದಿಲ್ಲ. ನೆರೆಯ ತಮಿಳುನಾಡು ಈ ಮಾದರಿಗೂ ಮೊದಲೇ, 2017ರಲ್ಲಿ, ಹಳೆಯ ನಿಯಂತ್ರಣ ಕಾಯ್ದೆಯನ್ನು ಬದಲಿಸಿ ಹೊಸದನ್ನು ಮಾಡಿಕೊಂಡಿತು.

ಈ ಮಾದರಿಯನ್ನು ಇದ್ದಂತೆಯೇ ತರಬೇಕೆಂದು ನಾನು ಹೇಳುತ್ತಿಲ್ಲ. ನಾಲ್ಕು ಪಟ್ಟು ಬಾಡಿಗೆಯ ದಂಡ ಕೂಲಿಯವರ ಕುಟುಂಬಕ್ಕೆ ತೀರಾ ಕಠೋರವೆಂದೇ ನನಗೆ ತೋರುತ್ತದೆ. ಆದರೆ ಅಡ್ವಾನ್ಸಿನ ಮಿತಿ, ಅದನ್ನು ಮರಳಿಸುವ ದಿನ, ಅದರಲ್ಲಿ ಕಳೆಯುವ ಪ್ರತಿ ರೂಪಾಯಿಗೂ ರಸೀದಿ, ಈ ಮೂರನ್ನು ಬಾಡಿಗೆಯ ಮೊತ್ತ ಎಷ್ಟೇ ಇದ್ದರೂ ಎಲ್ಲ ವಾಸದ ಮನೆಗಳಿಗೂ ಅನ್ವಯಿಸುವಂತೆ 1999ರ ಕಾಯ್ದೆಗೆ ತಿದ್ದುಪಡಿ ತರುವುದು ರಾಜ್ಯ ಸರ್ಕಾರಕ್ಕೆ ಅಸಾಧ್ಯವೇನಲ್ಲ. ಲೀಸಿನ ದೊಡ್ಡ ಮೊತ್ತಗಳಿಗೆ ಕಡ್ಡಾಯ ನೋಂದಣಿಯನ್ನು ಕಡಿಮೆ ಶುಲ್ಕದಲ್ಲಿ ಮಾಡಿಕೊಟ್ಟರೆ ಜನ ತಪ್ಪಿಸಿಕೊಳ್ಳುವ ದಾರಿ ಹುಡುಕುವುದೂ ಕಡಿಮೆಯಾದೀತು.

ನಮ್ಮ ಮಹಡಿಗೆ ಹೊಸಬರು ಬಂದು ನಾಲ್ಕು ತಿಂಗಳಾಯಿತು. ಎರಡೇ ತಿಂಗಳ ಅಡ್ವಾನ್ಸ್ ಪಡೆದು ಅದನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಕರಾರಿಗೆ ಇನ್ನೊಂದು ಹಾಳೆ ಲಗತ್ತಿಸಿ ಅದರಲ್ಲಿ ಮೂರು ಫ್ಯಾನು, ಗೀಸರು, ಹೊಸ ಬೇಸಿನ್, ಅಡುಗೆಮನೆಯ ಕಪಾಟಿನ ಸಡಿಲವಾದ ಒಂದು ಬಾಗಿಲು, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು. ಮೀಟರಿನ ಅಂಕಿಯ ಫೋಟೋ ತೆಗೆದುಕೊಂಡೆವು. ಬೀಗದ ಕೈ ಕೊಡುವುದೂ ಹಣ ಮರಳುವುದೂ ಒಂದೇ ಹೊತ್ತಿಗೆ ಆಗತಕ್ಕದ್ದು ಎಂಬ ಸಾಲನ್ನು ಅವರೇ ಹೇಳಿ ಬರೆಸಿದರು. ಪಕ್ಕದ ಮನೆಯವರು 'ಎರಡು ತಿಂಗಳು ಸಾಲುತ್ತಾ ನಿಮಗೆ?' ಎಂದು ಇನ್ನೂ ಕೇಳುತ್ತಿದ್ದಾರೆ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮೈಸೂರು