ಮೊದಲು ಬೈರಮಂಗಲದ ಕೆರೆ, ಆಮೇಲೆ ಉಪನಗರ

ಮಾನ್ಯ ಬೆಂಗಳೂರು ಅಭಿವೃದ್ಧಿ ಸಚಿವರಿಗೆ,

ಬಿಡದಿ ಹೋಬಳಿಯ ನಿವಾಸಿಯೊಬ್ಬನ ನಮಸ್ಕಾರಗಳು.

ನಮ್ಮ ಊರಿನ ಪಕ್ಕದಲ್ಲಿ ಸರ್ಕಾರ ಕಟ್ಟಬೇಕೆಂದಿರುವ ಉಪನಗರದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. 2025ರ ಮಾರ್ಚ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಮೇಲೆ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯಿತಿಗಳ ಹಳ್ಳಿಗಳಲ್ಲಿ ನಾಲ್ಕು ಜನ ಸೇರಿದ ಕಡೆ ಬೇರೆ ಮಾತಿಲ್ಲ. ಒಂಬತ್ತು ಹಳ್ಳಿ, ಏಳು ಸಾವಿರ ಎಕರೆಗೂ ಹೆಚ್ಚು ಜಮೀನು. ಆದರೆ ಸಭೆ ಎಲ್ಲೇ ನಡೆಯಲಿ, ಯಾರೇ ಬರಲಿ, ಮಾತು ಕೊನೆಗೆ ಬಂದು ನಿಲ್ಲುವುದು ಪರಿಹಾರದ ಹತ್ತಿರವೇ. ಎಕರೆಗೆ ಎಷ್ಟು ಕೊಡುತ್ತಾರೆ, ದುಡ್ಡು ತಗೊಳ್ಳೋದೋ, ಅಭಿವೃದ್ಧಿಪಡಿಸಿದ ಜಾಗ ತಗೊಳ್ಳೋದೋ, ಯಾವುದರಲ್ಲಿ ಲಾಭ? ಆ ಲೆಕ್ಕ ಬೇಡವೆಂದು ನಾನು ಹೇಳುವುದಿಲ್ಲ, ಜಮೀನು ಕಳೆದುಕೊಳ್ಳುವವರು ಅದನ್ನು ಕೇಳಲೇಬೇಕು. ನನ್ನ ಮಾತು ಅದಕ್ಕೂ ಮುಂಚಿನದು. ಅದು ನೀರಿನ ಮಾತು.

ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತಾಳೆ ಎಂಬುದು ತಲೆಮಾರುಗಳ ನಂಬಿಕೆ. ಗಾಳಿ ಆಂಜನೇಯನ ಗುಡಿ ದಾಟಿ, ಕೆಂಗೇರಿ ದಾಟಿ ಅವಳು ನಮ್ಮ ಬೈರಮಂಗಲ ಕೆರೆಗೆ ಬಂದು ಸೇರುತ್ತಾಳೆ. ಅಲ್ಲಿಂದ ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ, ಕೆಳಗಿನ ಹಳ್ಳಿಗಳ ಗದ್ದೆಗೆ ನೀರುಣಿಸಲೆಂದು ಕಟ್ಟಿದ ಜಲಾಶಯ ಇದು. ಇವತ್ತು ಅದರ ತೂಬಿನ ಹತ್ತಿರ ಹೋಗಿ ನಿಂತರೆ ಕಾಣುವುದು ಕಪ್ಪು ನೀರು, ಅದರ ಮೇಲೆ ಬಿಳಿ ನೊರೆ. ಗಾಳಿ ಜೋರಾದ ದಿನ ಆ ನೊರೆ ಹಾರಿ ಬಂದು ಕಾಲುವೆ ಬದಿಯ ಹುಲ್ಲಿನ ಮೇಲೆ ಕೂರುತ್ತದೆ. ಅದೇ ಹುಲ್ಲನ್ನು ಕೊಯ್ದು ಹಸುವಿಗೆ ಹಾಕುತ್ತಾರೆ, ಅದೇ ಹಸುವಿನ ಹಾಲು ಸಂಜೆ ಡೈರಿಗೆ ಹೋಗುತ್ತದೆ, ಬೆಳಗಾಗುವುದರಲ್ಲಿ ಅದು ಬೆಂಗಳೂರಿನ ಮನೆಗಳಲ್ಲಿರುತ್ತದೆ. ಈ ನೀರು ಹರಿಯುವ ಕಡೆ ಭತ್ತ ಬಿಟ್ಟು ಜನ ಬೇಬಿ ಕಾರ್ನ್, ಮೇವಿನ ಹುಲ್ಲು, ತೆಂಗು, ಹಿಪ್ಪುನೇರಳೆಗೆ ಇಳಿದರು. ಕೈ ಹಾಕಿದರೆ ತುರಿಕೆ ಬರುವ ನೀರಿನಲ್ಲೂ ಬದುಕು ಮಾಡಿಕೊಂಡ ಜನ ಇವರು.

ಈ ನೀರನ್ನು ನಮ್ಮ ಹಳ್ಳಿಗಳು ಕೆಡಿಸಿದ್ದಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಬಚ್ಚಲು, ಶೌಚಾಲಯ, ಕಾರ್ಖಾನೆಗಳ ನೀರು ಬಂದು ಬೀಳುವುದು ಇಲ್ಲಿಗೆ. ಶುದ್ಧೀಕರಣ ಘಟಕಗಳು ಬಂದವು, ಅವುಗಳ ಸಾಮರ್ಥ್ಯ ಹೆಚ್ಚಿತು, ವರದಿಗಳು ಬಂದವು, ನ್ಯಾಯಾಲಯಗಳು ಛೀಮಾರಿ ಹಾಕಿದವು. ಎಷ್ಟೋ ಸರ್ಕಾರಗಳು ಬಂದು ಹೋದವು. ಕೆರೆ ಮಾತ್ರ ಹಾಗೇ ಇದೆ. ಇರುವ ಊರಿನ ಕೊಳಚೆಯನ್ನು ಇಷ್ಟು ವರ್ಷದಲ್ಲಿ ನಿಭಾಯಿಸಲಾಗದ ಆಡಳಿತ, ಅದೇ ಕೆರೆಯ ಸುತ್ತ ಇನ್ನೊಂದು ಊರು ಕಟ್ಟುತ್ತೇನೆ ಎಂದರೆ ಜನ ಯಾವ ಧೈರ್ಯದ ಮೇಲೆ ಒಪ್ಪಬೇಕು, ನೀವೇ ಹೇಳಿ.

ಒಂದು ಸಣ್ಣ ಲೆಕ್ಕ ನಿಮ್ಮ ಮುಂದಿಡುತ್ತೇನೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ಸರ್ಕಾರವೇ ಒಪ್ಪಿರುವ ಮಾನದಂಡ. ಉಪನಗರದಲ್ಲಿ ಬರೀ ಒಂದು ಲಕ್ಷ ಜನ ನೆಲೆಸಿದರೂ ದಿನಕ್ಕೆ 1.35 ಕೋಟಿ ಲೀಟರ್ ಆಯಿತು. ಬಳಸಿದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಂದರೆ ಪ್ರತಿದಿನ ಒಂದು ಕೋಟಿ ಲೀಟರ್‌ಗೂ ಹೆಚ್ಚು. ಏಳು ಸಾವಿರ ಎಕರೆಯಲ್ಲಿ ನೀವು ಯೋಚಿಸಿರುವುದು ಒಂದು ಲಕ್ಷ ಜನರ ಊರಂತೂ ಆಗಿರಲಾರದು. ಜನ ಎಷ್ಟು ಪಟ್ಟು ಹೆಚ್ಚುತ್ತಾರೋ ಈ ಅಂಕಿಗಳೂ ಅಷ್ಟೇ ಪಟ್ಟು ಹೆಚ್ಚುತ್ತವೆ. ಅಷ್ಟು ನೀರು ಎಲ್ಲಿಂದ ಬರುತ್ತದೆ? ಹೊರಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಕೃತಕ ಬುದ್ಧಿಮತ್ತೆಯ ನಗರ, ಕೆಲಸ, ವಾಸ, ಮನರಂಜನೆ ಎಲ್ಲ ಒಂದೇ ಕಡೆ ಎಂಬ ಮಾತು ಊರೂರಿಗೆ ತಲುಪಿದೆ. ಈ ಎರಡು ಪ್ರಶ್ನೆಗೆ ಉತ್ತರವೂ ಹಾಗೆ ತಲುಪಬೇಕಿತ್ತು.

ಕಾವೇರಿ ಇದೆಯಲ್ಲ ಎನ್ನಬಹುದು. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ ಅಡಿ. ಆ ನೀರಿಗೆ ಈಗಾಗಲೇ ಬಾಯಿ ಬಿಟ್ಟುಕೊಂಡು ಕಾದವರ ಸಾಲು ಉದ್ದವಿದೆ. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಆ ವರ್ಷಗಳಲ್ಲಿ ಅಲ್ಲಿ ಬಡಾವಣೆಗಳೆದ್ದವು, ಅಪಾರ್ಟ್‌ಮೆಂಟ್‌ಗಳೆದ್ದವು, ಜನ ಟ್ಯಾಂಕರ್ ನಂಬಿ ಬದುಕಿದರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರ ಕೈಗೆ ಸಿಗದಂತೆ ಏರಿದ್ದನ್ನು ಇಡೀ ರಾಜ್ಯ ನೋಡಿತು. ಆ ಕಾವೇರಿಯ ಪೈಪ್‌ಗಳು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಮೇಲೆ ಹೋಗುತ್ತವೆ. ನಮ್ಮ ಜಿಲ್ಲೆಯ ನೆಲದೊಳಗೇ ಹಾದುಹೋಗುವ ಆ ನೀರು ನಮ್ಮ ಹಳ್ಳಿಗಳ ನಲ್ಲಿಗೆ ಬಂದಿಲ್ಲ. ಉಪನಗರದ ನಲ್ಲಿಗೆ ಬರುತ್ತದೆ ಎಂದಾದರೆ ಯಾರ ಪಾಲಿನಿಂದ, ಯಾವ ವರ್ಷದಿಂದ ಎಂಬುದು ಕಾಗದದ ಮೇಲೆ ಬರಬೇಕು.

ನಿವೇಶನ ಮೊದಲು, ಸೌಕರ್ಯ ಆಮೇಲೆ ಎಂದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೆಂಗೇರಿಯ ಆಚೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆ ಇದೆ. 2008ರಲ್ಲಿ ಪ್ರಾಥಮಿಕ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ, ಹನ್ನೆರಡು ಹಳ್ಳಿಗಳ ನಾಲ್ಕು ಸಾವಿರ ಎಕರೆ. 2016ರಲ್ಲಿ ನಿವೇಶನ ಹಂಚಿಕೆ ಶುರುವಾಯಿತು. ಹಣ ಕಟ್ಟಿದವರು ರಸ್ತೆ, ನೀರು, ವಿದ್ಯುತ್ತು, ಒಳಚರಂಡಿಗಾಗಿ ವರ್ಷಗಟ್ಟಲೆ ಅಲೆದರು. ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದ (ರೇರಾ) ಮೆಟ್ಟಿಲು ಹತ್ತಿದರು. ಪಿಂಚಣಿಯ ದುಡ್ಡು ಹಾಕಿ ನಿವೇಶನ ತೆಗೆದುಕೊಂಡವರಲ್ಲಿ ಎಷ್ಟೋ ಜನ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ. ಜಮೀನು ಬಿಟ್ಟುಕೊಟ್ಟ ರೈತನಿಗೆ ಹೊಲ ಹೋಯಿತು, ನಿವೇಶನ ಕೊಂಡ ನೌಕರನಿಗೆ ಮನೆ ಬರಲಿಲ್ಲ. ಅರ್ಕಾವತಿ ಬಡಾವಣೆಯ ಕತೆ ಇದಕ್ಕಿಂತ ಹಳೆಯದು. 2003ರಲ್ಲಿ ಹೊರಟ ಅಧಿಸೂಚನೆಯ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2010ರ ತೀರ್ಪಿನ ನಂತರವೂ ಮುಗಿಯಲಿಲ್ಲ. ಇವೆರಡರಲ್ಲೂ ನಷ್ಟ ಅನುಭವಿಸಿದವರು ಎರಡೂ ಕಡೆಯ ಸಾಮಾನ್ಯ ಜನ ಎಂಬುದನ್ನು ದಯವಿಟ್ಟು ಗಮನಿಸಿ.

ನಮ್ಮ ಹಳ್ಳಿಗಳಿಗಂತೂ ಇದು ಹೊಸ ಅನುಭವವೇ ಅಲ್ಲ. 2006ರಲ್ಲಿ ಬೆಂಗಳೂರಿನ ಸುತ್ತ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಉಪನಗರಗಳ ಯೋಜನೆ ಬಂತು. ಬಿಡದಿಯದು ಮೊದಲನೆಯದು. ಕಟ್ಟಲು ಬಂದ ಕಂಪನಿ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು, ನಕಾಶೆ ಮೇಲಿನ ಗೆರೆ ಉಳಿಯಿತು. ಜನ ಅದನ್ನು ‘ರೆಡ್ ಝೋನ್’ ಎನ್ನುತ್ತಾರೆ. ಮಗಳ ಮದುವೆಗೆಂದು ಅರ್ಧ ಎಕರೆ ಮಾರಲು ಹೋದರೆ ಕೊಳ್ಳುವವರಿಲ್ಲ, ಭೂಪರಿವರ್ತನೆ ಕೇಳಿದರೆ ಆಗುವುದಿಲ್ಲ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡರೂ ಅದರ ಮೇಲೆ ಏನನ್ನೂ ನಂಬಿ ಕಟ್ಟುವಂತಿಲ್ಲ. ಆ ಗೆರೆ ಎಳೆದ ವರ್ಷ ಹುಟ್ಟಿದ ಮಕ್ಕಳು ಈಗ ಮತದಾರರಾಗಿದ್ದಾರೆ. ಕೆಲವರು ‘ಇನ್ನು ಸಾಕು, ಏನಾದರೂ ಕೊಟ್ಟು ತಗೊಂಡು ಹೋಗಲಿ’ ಎನ್ನುತ್ತಿರುವುದು ಈ ದಣಿವಿನಿಂದ. ಅದನ್ನು ಮನಃಪೂರ್ವಕ ಒಪ್ಪಿಗೆಯೆಂದು ಕಡತದಲ್ಲಿ ಬರೆದುಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಇನ್ನೊಂದು ಗುಂಪಿದೆ, ಅವರು ಯಾವ ಸಭೆಯಲ್ಲೂ ಮುಂದಿನ ಸಾಲಿನಲ್ಲಿ ಕೂರುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವರು.

ಇಲ್ಲಿನ ಒಂದು ಹುಳು ಮನೆಯನ್ನು ನೋಡಿ. ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ರೇಷ್ಮೆ ಹುಳುವಿಗೆ ಹಸಿವು ಹೆಚ್ಚು. ಅದು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಬೆಳಗಿನ ಜಾವ ಕಡ್ಡಿ ಸಮೇತ ಸೊಪ್ಪು ಕೊಯ್ದು ಹೊರೆ ಕಟ್ಟಿ ತರುವವರು ಕೂಲಿಯವರು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡಲು ಅಕ್ಕಪಕ್ಕದ ಬೀದಿಗಳ ಹೆಂಗಸರು ಬರುತ್ತಾರೆ. ತಡವಾದರೆ ಹುಳು ಕಂಡ ಕಂಡಲ್ಲಿ ಗೂಡು ಕಟ್ಟಿ ಬೆಳೆ ಹಾಳು, ಹಾಗಾಗಿ ಆ ದಿನ ಕೈಗಳು ಎಷ್ಟಿದ್ದರೂ ಸಾಲದು. ತೋಟ ಒಬ್ಬರದು, ಅದನ್ನು ಪಾಲಿಗೆ ಮಾಡುವವರು ಇನ್ನೊಬ್ಬರು. ಗೂಡು ರಾಮನಗರದ ಮಾರುಕಟ್ಟೆಗೆ ಹೋದರೆ ಅಲ್ಲಿ ಗೂಡಿನಿಂದ ನೂಲು ತೆಗೆಸುವ ರೀಲರ್‌ಗಳಿದ್ದಾರೆ, ಅವರ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈಯದ್ದುವ ಕೆಲಸಗಾರರಿದ್ದಾರೆ. ಒಂದು ಎಕರೆ ಹಿಪ್ಪುನೇರಳೆ ಹೋದರೆ ಪರಿಹಾರ ಬರುವುದು ಪಹಣಿಯಲ್ಲಿರುವ ಒಂದು ಹೆಸರಿಗೆ. ಉಳಿದವರಿಗೆ ಬೆಳಿಗ್ಗೆ ಎದ್ದು ಹೋಗಲು ಕೆಲಸವಿರುವುದಿಲ್ಲ, ಅಷ್ಟೇ. ಒಂದೆರಡು ಹಸು ಕಟ್ಟಿಕೊಂಡು, ಬದುವಿನ ಹುಲ್ಲು ಕೊಯ್ದು, ಡೈರಿಯ ಬಟವಾಡೆಯಲ್ಲಿ ಮಕ್ಕಳ ಫೀಸು ಕಟ್ಟುವ ಮನೆಗಳಿಗೂ ಇದೇ ಗತಿ. ಹಸು ಅವರದೇ, ಬದು ಮಾತ್ರ ಅವರದಲ್ಲ.

ಕಾನೂನಿಗೆ ಈ ಜನ ಗೊತ್ತಿಲ್ಲದವರಲ್ಲ. 2013ರ ಭೂಸ್ವಾಧೀನ ಕಾಯ್ದೆ ‘ಬಾಧಿತ ಕುಟುಂಬ’ ಎಂದು ಹೇಳುವಾಗ ಜಮೀನಿನ ಒಡೆಯರನ್ನಷ್ಟೇ ಹೇಳುವುದಿಲ್ಲ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ನೆಲವನ್ನೇ ನಂಬಿ ದುಡಿದ ಕೃಷಿ ಕೂಲಿಗಳನ್ನು, ಗೇಣಿದಾರರನ್ನು, ಪಾಲಿಗೆ ಮಾಡುವವರನ್ನು, ಕುಶಲಕರ್ಮಿಗಳನ್ನೂ ಸೇರಿಸುತ್ತದೆ. ನೀರಾವರಿಯ ಬಹುಬೆಳೆ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟಬೇಕು ಎಂದೂ ಹೇಳುತ್ತದೆ. ಅಧಿಸೂಚನೆ ಯಾವ ಕಾಯ್ದೆಯಡಿ ಹೊರಟಿದೆ, ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯವೋ ಅಲ್ಲವೋ ಎಂಬ ವಾದ ವಕೀಲರಿಗಿರಲಿ. ಕಡ್ಡಾಯವಲ್ಲದಿದ್ದರೂ ಮಾಡಬಾರದು ಎಂದೇನಿಲ್ಲವಲ್ಲ! ಒಂಬತ್ತು ಹಳ್ಳಿಗಳ ಮನೆಮನೆಗೆ ಹೋಗಿ, ಪಹಣಿ ಇದೆಯೋ ಇಲ್ಲವೋ ನೋಡದೆ, ಈ ನೆಲದಿಂದ ಯಾರು ಹೇಗೆ ಅನ್ನ ತಿನ್ನುತ್ತಿದ್ದಾರೆ ಎಂದು ಬರೆದುಕೊಂಡು ಬರುವುದು ಸರ್ಕಾರಕ್ಕೆ ದೊಡ್ಡ ಕೆಲಸವಲ್ಲ.

ಬೆಂಗಳೂರಿನಲ್ಲಿ ಮನೆಯಿಲ್ಲದವರ ಕಷ್ಟ ನನಗೂ ಗೊತ್ತು. ಬಿಡದಿ ಬೆಳೆಯುವುದನ್ನೂ ಯಾರೂ ತಡೆಯಲಾರರು. ಕೈಗಾರಿಕಾ ಪ್ರದೇಶ ಬಂದು ದಶಕಗಳಾದವು, ದಶಪಥ ಹೆದ್ದಾರಿ ಆಗಿದೆ, ಮೆಟ್ರೊ ಚಲ್ಲಘಟ್ಟದವರೆಗೆ ಬಂದಿದೆ. ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು ಒಂದೊಂದು ಕೋಣೆಯಲ್ಲಿ ಐದಾರು ಜನ ಮಲಗುತ್ತಿದ್ದಾರೆ, ಅವರಿಗೆ ಬಾಡಿಗೆಗೆ ಒಳ್ಳೆಯ ಮನೆ ಬೇಕು. ಅದಕ್ಕೆ ಪುರಸಭೆಯ ಒಳಗೆ, ರೈಲ್ವೆ ನಿಲ್ದಾಣದ ಸುತ್ತ, ಈಗಾಗಲೇ ಚರಂಡಿ ಬೀದಿ ದೀಪ ಇರುವ ಕಡೆ ಶುರು ಮಾಡಿದರೆ ಏಳು ಸಾವಿರ ಎಕರೆಯನ್ನು ಒಂದೇ ಏಟಿಗೆ ಹಿಡಿಯಬೇಕಾಗುವುದಿಲ್ಲ. ಇಷ್ಟು ದೊಡ್ಡ ಊರನ್ನು ಒಂದೇ ಸಲ ಗೆರೆ ಹಾಕಿ ಕಟ್ಟುವುದರಲ್ಲಿ ನನಗೆ ನಂಬಿಕೆಯಿಲ್ಲ, ಮೇಲೆ ಹೇಳಿದ ಬಡಾವಣೆಗಳನ್ನು ಕಂಡ ಮೇಲಂತೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಒಂದೇ. ಹೊಲಕ್ಕೆ ಜೆಸಿಬಿ ಇಳಿಯುವ ಮೊದಲು ಬೈರಮಂಗಲ ಕೆರೆಗೆ ಬಂದು ಬೀಳುವ ನೀರನ್ನು ಸರಿಪಡಿಸಿ ತೋರಿಸಿ. ಇದಕ್ಕೆ ರೈತರ ಒಂದು ಗುಂಟೆಯೂ ಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಜಲಮಂಡಳಿಯ ಘಟಕಗಳು ನಿಮ್ಮವು, ಮಾಲಿನ್ಯ ನಿಯಂತ್ರಣ ಮಂಡಳಿ ಸರ್ಕಾರದ್ದು, ಕೆರೆಯೂ ಸರ್ಕಾರದ್ದು. ಪ್ರತಿ ತಿಂಗಳು ತೂಬಿನ ನೀರಿನ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಎರಡೂ ಪಂಚಾಯಿತಿಗಳ ಗೋಡೆಗೆ ಹಚ್ಚಿಸಿ. ಆ ನೀರು ಎರಡು ಮಳೆಗಾಲ, ಎರಡು ಬೇಸಿಗೆ ತಡೆದುಕೊಂಡು ನಿಂತರೆ, ಆಮೇಲೆ ನೀವು ಉಪನಗರದ ನಕಾಶೆ ಹಿಡಿದು ಬಂದಾಗ ಮಾತನಾಡಲು ಜನ ಸಿದ್ಧರಿರುತ್ತಾರೆ. ಅಲ್ಲಿಯವರೆಗೆ ಯೋಜನೆಗೆ ನಿಜಕ್ಕೂ ಬೇಕಿಲ್ಲದ ಸರ್ವೆ ನಂಬರುಗಳನ್ನು ಗೆರೆಯಿಂದ ಹೊರಗೆ ಬಿಡಿ. ಬೇಕಿರುವುದಕ್ಕೂ ಒಂದು ಗಡುವು ಹಾಕಿ, ಗಡುವು ಮುಗಿದರೆ ಜಮೀನು ತಾನಾಗಿಯೇ ಬಿಡುಗಡೆಯಾಗಬೇಕು.

ಕೊನೆಯದಾಗಿ, ಬೈರಮಂಗಲದಲ್ಲಿ ಒಂದು ಗ್ರಾಮಸಭೆ ಕರೆಯಿರಿ. ನೀವೇ ಬನ್ನಿ, ಜೊತೆಗೆ ಜಲಮಂಡಳಿಯ ಮುಖ್ಯ ಎಂಜಿನಿಯರನ್ನು ಕರೆತನ್ನಿ. ಪರಿಹಾರದ ದರಪಟ್ಟಿ ಅಂದು ಬೇಡ, ನೀರಿನ ಲೆಕ್ಕವಷ್ಟೇ ಸಾಕು. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ, ಕೂಲಿಗೆ ಹೋದವರು ಬರಲಾಗುವುದಿಲ್ಲ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಏಳು ಗಂಟೆಗೆ ಇಡಿ. ಆ ಹೊತ್ತಿಗೆ ಹೆಂಗಸರೂ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಬಿಡದಿ ಹೋಬಳಿಯ ಒಬ್ಬ ನಿವಾಸಿ