ಬಿಲ್ಲಿನಲ್ಲಿ ಪೋರ್ಟ್ ಯಾವುದೆಂದು ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ವಿಡಿಯೊ ಎಡಿಟಿಂಗ್ ಕಲಿತು ಮನೆಯಲ್ಲೇ ಕೂತು ದುಡಿಯಬೇಕು ಅಂತ ನಮ್ಮ ಕೊಡಗು ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರು ಅಂಗೈಯಗಲದ ಸಣ್ಣ ಕಂಪ್ಯೂಟರ್ ಕೊಳ್ಳುತ್ತಿದ್ದಾರೆ. 'ಮುಂದೆ ಬೇಕಾದರೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಸೇರಿಸಿಕೊಳ್ಳಬಹುದು' ಎಂದು ಅಂಗಡಿಯವರು ಹೇಳಿ ಕಳಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಅಂದರೆ ಚಿತ್ರ, ವಿಡಿಯೊದ ಭಾರಿ ಲೆಕ್ಕ ಮಾಡುವ ಬಿಡಿಭಾಗ. ಅಂಗಡಿಯವರ ಆ ಮಾತು ಕೆಲವು ಕಂಪ್ಯೂಟರಿಗೆ ನಿಜ, ಕೆಲವಕ್ಕೆ ಪೂರ್ತಿ ಸುಳ್ಳು. ಯಾವುದಕ್ಕೆ ನಿಜ ಅನ್ನುವುದು ಅದರ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ತೂತು, ಯಾವ ಬಗೆಯದು ಅನ್ನುವುದರ ಮೇಲಿದೆ. ಅದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಸುಂಟಿಕೊಪ್ಪದವಳು. ಮದುವೆ ವಿಡಿಯೊ ಎಡಿಟ್ ಮಾಡುವುದೇ ನನ್ನ ಕೆಲಸ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಫೋಟೊಗ್ರಾಫರ್‌ಗಳು ಹಾರ್ಡ್‌ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಾರೆ. ನಾನು ಎಡಿಟ್ ಮಾಡಿ ಹಾಗೇ ವಾಪಸ್ ಕಳಿಸುತ್ತೇನೆ. ಏಪ್ರಿಲ್, ಮೇನಲ್ಲಿ ಮದುವೆಗಳು ಸಾಲಾಗಿ ಬರುತ್ತವೆ. ಎಡಿಟಿಂಗ್ ಮುಗಿಯುವಷ್ಟರಲ್ಲಿ ಮಳೆಗಾಲ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳುವ ಹಾಗಿಲ್ಲ. ಇಂಥ ಕಡೆ ಸಣ್ಣ ಕಂಪ್ಯೂಟರ್ ನಿಜವಾಗಿ ಉಪಕಾರಿ. ಕ್ಲಿಪ್ ಆರಿಸುವುದು, ಕತ್ತರಿಸುವುದು, ಹಾಡಿಗೆ ಕೂಡಿಸುವುದು, ಹೆಸರು ಹಾಕುವುದು ಇವಕ್ಕೆಲ್ಲ ಅದು ತಿನ್ನುವ ಕರೆಂಟ್ ಬಹಳ ಕಡಿಮೆ, ಇನ್ವರ್ಟರ್ ಮೇಲೆ ತುಂಬಾ ಹೊತ್ತು ನಡೆಯುತ್ತೆ. ಸಂಜೆ ರಿಸೆಪ್ಷನ್‌ನಲ್ಲಿ ಬೆಳಗಿನ ಮುಹೂರ್ತದ ತುಣುಕು ತೋರಿಸಬೇಕು ಅಂದರೆ ಕೈಚೀಲದಲ್ಲಿ ಹಾಕಿಕೊಂಡು ಮಂಟಪಕ್ಕೇ ಹೋಗಬಹುದು. ದೊಡ್ಡ ಕ್ಯಾಬಿನೆಟ್ ಹೊತ್ತುಕೊಂಡು ಹೋಗೋಕಾಗುತ್ತಾ?

ಹಾಗಾದರೆ ಹೊರಗಿನ ಕಾರ್ಡ್ ಯಾಕೆ ಬೇಕು? ಕೊಡವ ಮದುವೆಯ ವಿಡಿಯೊ ಎಡಿಟ್ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮದುಮಗ ಬಿಳಿ ಕುಪ್ಯದಲ್ಲಿ, ಅಂದರೆ ಉದ್ದ ನಿಲುವಂಗಿಯಲ್ಲಿ ಇರುತ್ತಾನೆ. ಸುತ್ತ ನಿಂತ ನೆಂಟರೆಲ್ಲ ಕಪ್ಪು ಕುಪ್ಯ, ನಡುವಿಗೆ ಸುತ್ತಿದ ಕೆಂಪು ಚೇಲೆ. ಹೊರಗೆ ಮೋಡ, ಒಳಗೆ ಟ್ಯೂಬ್‌ಲೈಟ್. ಬಿಳಿ ಕುಪ್ಯ ಸುಟ್ಟ ಹಾಗೆ ಕಾಣಬಾರದು ಅಂತ ಕ್ಯಾಮೆರಾದವರು ಬೆಳಕು ಇಳಿಸಿ ತೆಗೆದಿರುತ್ತಾರೆ. ಅದು ಸರಿಯೇ. ಆದರೆ ನಾನು ಎಡಿಟಿಂಗ್‌ನಲ್ಲಿ ಕತ್ತಲ ಭಾಗವನ್ನು ಸ್ವಲ್ಪ ಮೇಲೆತ್ತಿದೆ ಅಂದ್ಕೊಳ್ಳಿ, ಕಪ್ಪು ಕುಪ್ಯದ ಮೇಲೆಲ್ಲ ಬಣ್ಣಬಣ್ಣದ ಚುಕ್ಕೆಗಳು ಮಿಣಮಿಣ ಕುಣಿಯತೊಡಗುತ್ತವೆ. ವಾಲಗಕ್ಕೆ ಎಲ್ಲರೂ ಕುಣಿಯುವ ಹೊತ್ತಿನ ಶಾಟ್‌ಗಳಲ್ಲಂತೂ ಬಟ್ಟೆಯ ಮಡಿಕೆ ಯಾವುದು, ಚುಕ್ಕೆ ಯಾವುದು ಗೊತ್ತಾಗುವುದಿಲ್ಲ. ಈ ಚುಕ್ಕೆ ತೆಗೆಯಲು ನಾಯ್ಸ್ ರಿಡಕ್ಷನ್ ಹಾಕಬೇಕು. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದು ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇದೆ. ಒಂದೊಂದು ಚೌಕಟ್ಟಿಗೂ (ಫ್ರೇಮ್) ಹಿಂದಿನ, ಮುಂದಿನ ಚೌಕಟ್ಟುಗಳನ್ನು ಹೋಲಿಸಿ ನೋಡಿ ಲೆಕ್ಕ ಹಾಕುವ ಕೆಲಸ ಅದು. ಸಣ್ಣ ಕಂಪ್ಯೂಟರಿನ ಒಳಗಿನ ಗ್ರಾಫಿಕ್ಸ್ ಅಲ್ಲಿ ಏದುಸಿರು ಬಿಡುತ್ತದೆ. ಒಳ್ಳೆಯ ಕಾರ್ಡ್ ಇದ್ದರೆ ಸರಾಗ. ಬಣ್ಣ ತಿದ್ದುವುದು, ಮುಖವನ್ನು ಹಿಂಬಾಲಿಸಿ ಬೆಳಕು ಕೊಡುವುದು, ಅಲುಗಿದ ಶಾಟ್ ನಿಲ್ಲಿಸುವುದು ಇವಕ್ಕೂ ಕಾರ್ಡಿನಿಂದ ಅನುಕೂಲ ಇದೆ.

ಇಲ್ಲಿ ಇನ್ನೊಂದು ಮಾತು. ಎಡಿಟಿಂಗ್ ನಿಧಾನ ಅಂದ ತಕ್ಷಣ ಕಾರ್ಡ್ ಕೊಳ್ಳಲು ಓಡಬಾರದು. ಈಗಿನ ಕ್ಯಾಮೆರಾಗಳಲ್ಲಿ ಹಲವು 4ಕೆ ವಿಡಿಯೊವನ್ನು ಎಚ್.265, 10 ಬಿಟ್, 4:2:2 ಅನ್ನುವ, ಬಣ್ಣದ ವಿವರ ಹೆಚ್ಚು ಇಟ್ಟು ಒತ್ತಿ ಸಣ್ಣದು ಮಾಡಿದ ರೂಪದಲ್ಲಿ ಉಳಿಸುತ್ತವೆ. ಫೈಲ್ ಸಣ್ಣದು, ಆದರೆ ಪ್ಲೇ ಮಾಡುವಾಗ ಅದನ್ನು ಬಿಚ್ಚುವುದು ಕಷ್ಟ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಚಿಪ್‌ಗಳ ಒಳಗಿನ ಗ್ರಾಫಿಕ್ಸ್ ಇದನ್ನು ಸಲೀಸಾಗಿ ಬಿಚ್ಚುತ್ತದೆ. ಎನ್‌ವಿಡಿಯಾದ 30, 40 ಸರಣಿಯ ಕಾರ್ಡ್‌ಗಳಿಗೆ 4:2:2 ಬಿಚ್ಚುವ ಯಂತ್ರಾಂಗವೇ ಇಲ್ಲ, 50ರ ಸರಣಿಯಲ್ಲಿ ಮಾತ್ರ ಬಂತು. ಅಂದರೆ ಇಂಥ ಫೈಲ್ ಪ್ಲೇ ಆಗುವಾಗ ತಡವರಿಸುತ್ತಿದ್ದರೆ, ದೊಡ್ಡ ಕಾರ್ಡ್ ಹಾಕಿದರೂ ತಡವರಿಸಬಹುದು. ಆಗ ಪ್ರಾಕ್ಸಿ, ಅಂದರೆ ವಿಡಿಯೊದ ಹಗುರವಾದ ನಕಲು ಮಾಡಿಕೊಂಡು ಕೆಲಸ ಮಾಡುವುದೇ ಜಾಣತನ. ಅದಕ್ಕೆ ಕಾಸು ಖರ್ಚಿಲ್ಲ. ಹೊರಗಿನ ಕಾರ್ಡ್ ಹಾಕಿದ ಮೇಲೂ ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡಬೇಡಿ. ಬಿಚ್ಚುವ ಕೆಲಸ ಅದಕ್ಕಿರಲಿ, ಬಣ್ಣ ಮತ್ತು ಚುಕ್ಕೆಯ ಕೆಲಸ ಕಾರ್ಡಿಗಿರಲಿ. ಹೀಗೆ ಹಂಚಿಕೊಟ್ಟರೆ ಸಣ್ಣ ಕಂಪ್ಯೂಟರೂ ಚೆನ್ನಾಗಿ ದುಡಿಯುತ್ತೆ.

ಇನ್ನು ಪೋರ್ಟಿನ ವಿಷಯ. ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರಿನ ಜೊತೆ ಮಾತಾಡುವುದು ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ. ದೊಡ್ಡ ಕಂಪ್ಯೂಟರಿನಲ್ಲಿ ಕಾರ್ಡಿಗೆ ಸಾಮಾನ್ಯವಾಗಿ 16 ಸಾಲಿನ ದಾರಿ ಇರುತ್ತದೆ. ಕಂಪ್ಯೂಟರಿನ ಹೊರಗೆ, ಕೇಬಲ್‌ನಿಂದ ಜೋಡಿಸುವ ಬೇರೆ ಡಬ್ಬದಲ್ಲಿ ಕಾರ್ಡ್ ಇಟ್ಟರೆ ಸಿಗುವುದು 4 ಸಾಲು. ಇಂಥ ಡಬ್ಬ ಸೇರಿಸುವ ಅತಿವೇಗದ ಪೋರ್ಟಿನ ಹೆಸರು ಥಂಡರ್‌ಬೋಲ್ಟ್. ಅದರ 3 ಮತ್ತು 4ನೇ ಆವೃತ್ತಿ ಎರಡರ ವೇಗವೂ ಸೆಕೆಂಡಿಗೆ 40 ಗಿಗಾಬಿಟ್ ಅಂತ ಬರೆದಿರುತ್ತದೆ. ಅದರಲ್ಲಿ ಕಾರ್ಡಿನ ಪಾಲಿಗೆ ಹೆಚ್ಚೆಂದರೆ 32, ನಿಜವಾಗಿ ಸಿಗುವುದು ಇನ್ನೂ ಕಡಿಮೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಷ್ಟೇ ದೊಡ್ಡದಿರಲಿ, ಹಣ್ಣು ಬೀಳುವ ಬಾಯಿ ಸಣ್ಣದಾದರೆ ಅಷ್ಟೇ ಕೆಲಸ ಅಲ್ವಾ, ಹಾಗೆ. ಆದರೂ ಎಡಿಟಿಂಗ್‌ಗೆ ಇದು ಆಟಗಳಷ್ಟು ಅಡ್ಡಿಯಲ್ಲ. ಚೌಕಟ್ಟು ಒಮ್ಮೆ ಕಾರ್ಡಿನೊಳಗೆ ಹೋದರೆ ಚುಕ್ಕೆ ತೆಗೆಯುವ ಭಾರಿ ಲೆಕ್ಕವೆಲ್ಲ ಒಳಗೇ ನಡೆಯುತ್ತದೆ. ಮಾನಿಟರಿನ ಕೇಬಲನ್ನು ಕಾರ್ಡಿಗೇ ಚುಚ್ಚಿದರೆ ಚಿತ್ರ ಮತ್ತೆ ಅದೇ ಇಕ್ಕಟ್ಟಿನ ದಾರಿಯಲ್ಲಿ ವಾಪಸ್ ಬರುವುದೂ ತಪ್ಪುತ್ತದೆ.

ತೊಂದರೆ ಇರುವುದು ಟೈಪ್-ಸಿ ಅನ್ನುವ ಆ ಸಣ್ಣ ತೂತಿನಲ್ಲಿ. ಹೊರಗಿನಿಂದ ನೋಡಲು ಎಲ್ಲವೂ ಒಂದೇ ಥರ. ಕೆಲವು ಬರೀ ಪೆನ್‌ಡ್ರೈವ್‌ಗೆ, ಕೆಲವು ಮಾನಿಟರಿಗೂ ಆಗುತ್ತವೆ, ಕೆಲವು ಮಾತ್ರ ಗ್ರಾಫಿಕ್ಸ್ ಕಾರ್ಡಿನ ದಾರಿಯನ್ನೂ ಕೊಡುತ್ತವೆ. ನಮ್ಮ ಪಕ್ಕದ ಲೈನಿನ (ತೋಟದ ಕೆಲಸಗಾರರ ಸಾಲುಮನೆ) ಹುಡುಗನೊಬ್ಬ ಹೀಗೇ ಸಿಕ್ಕಿಬಿದ್ದ. ಅವರ ಅಮ್ಮ ತೋಟದ ಕೆಲಸಕ್ಕೆ ಹೋಗಿ ಕೂಡಿಟ್ಟ ದುಡ್ಡದು. 'ಟೈಪ್-ಸಿ ಇದೆಯಲ್ಲ, ಎಲ್ಲಾ ಹಾಕಬಹುದು' ಅಂತ ಅಂಗಡಿಯಲ್ಲಿ ಭರವಸೆ ಕೊಟ್ಟರು. ಸಣ್ಣ ಕಂಪ್ಯೂಟರ್ ತಂದ. ಆಮೇಲೆ ಥಂಡರ್‌ಬೋಲ್ಟ್ ಡಬ್ಬ, ಸೆಕೆಂಡ್‌ಹ್ಯಾಂಡ್ ಕಾರ್ಡ್ ಎರಡನ್ನೂ ತರಿಸಿದ. ಚುಚ್ಚಿದರೆ ಡಬ್ಬದ ಫ್ಯಾನ್ ತಿರುಗುತ್ತೆ, ಕಂಪ್ಯೂಟರಿಗೆ ಅಲ್ಲೊಂದು ಕಾರ್ಡ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಡ್ರೈವರ್ ಹಾಕಿ ನೋಡಿದ, ವಿಂಡೋಸ್ ಹೊಸದಾಗಿ ಹಾಕಿ ನೋಡಿದ. ಪೋರ್ಟಿನಲ್ಲಿ ಆ ದಾರಿಯೇ ಇಲ್ಲದಿದ್ದರೆ ಡ್ರೈವರ್ ಏನು ಮಾಡುತ್ತೆ? ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. 'ನೀನು ಕೇಳಲಿಲ್ಲ' ಅಂದರಂತೆ. ಏನು ಕೇಳಬೇಕು ಅಂತ ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು, ನೀವೇ ಹೇಳಿ.

ಕೊನೆಗೆ ನಾವಿಬ್ಬರೂ ಕೂತು ಕಂಪ್ಯೂಟರಿನ ಕೆಳಗಿನ ಮುಚ್ಚಳ ಬಿಚ್ಚಿದೆವು. ಒಳಗೆ ಎಸ್‌ಎಸ್‌ಡಿ (ಫೈಲ್ ಉಳಿಸುವ ಡಿಸ್ಕ್) ಕೂರಿಸುವ ಎಂ.2 ಅನ್ನುವ ಜಾಗ ಇತ್ತು. ಅದು ಪಿಸಿಐ ಎಕ್ಸ್‌ಪ್ರೆಸ್‌ನ 4 ಸಾಲಿನ ದಾರಿಯೇ. ವಿಂಡೋಸ್ ಇದ್ದ ಎಸ್‌ಎಸ್‌ಡಿಯನ್ನು ಅಲ್ಲಿಂದ ತೆಗೆದು, ಪಕ್ಕದಲ್ಲಿದ್ದ ಸಾಟಾ ಅನ್ನುವ ಇನ್ನೊಂದು ಬಗೆಯ ಡಿಸ್ಕ್ ಜಾಗಕ್ಕೆ ಬೇರೆ ಎಸ್‌ಎಸ್‌ಡಿ ಹಾಕಿ ಅದರಲ್ಲಿ ವಿಂಡೋಸ್ ಕೂರಿಸಿದೆವು. ಖಾಲಿಯಾದ ಎಂ.2ಗೆ ಆಕ್ಯುಲಿಂಕ್ ಅನ್ನುವ ಅಡಾಪ್ಟರ್ ಸಿಕ್ಕಿಸಿ, ಅದರ ಕೇಬಲನ್ನು ಹಿಂದಿನ ಕಿಂಡಿಯಿಂದ ಹೊರತೆಗೆದೆವು. ಥಂಡರ್‌ಬೋಲ್ಟ್ ಡಬ್ಬ ಇದಕ್ಕೆ ಬರುವುದಿಲ್ಲ, ಆಕ್ಯುಲಿಂಕ್‌ದೇ ಬೇರೆ ಸ್ಟ್ಯಾಂಡ್ ಮತ್ತು ಕಾರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬೇಕಾಯಿತು. ಡಬ್ಬವನ್ನು ಅರ್ಧ ಬೆಲೆಗೆ ಮಾರಿದ. ಈಗ ಕೆಲಸ ನಡೆಯುತ್ತಿದೆ. ವೇಗವೂ ಒಳ್ಳೆಯದಿದೆ. ಪಿಸಿಐ ಎಕ್ಸ್‌ಪ್ರೆಸ್ 4.0 ಇದ್ದರೆ ಆಕ್ಯುಲಿಂಕ್‌ನಲ್ಲಿ 64 ಗಿಗಾಬಿಟ್‌ವರೆಗೆ ಹೋಗುತ್ತದೆ, ಥಂಡರ್‌ಬೋಲ್ಟ್ 4ಕ್ಕಿಂತ ಜಾಸ್ತಿ. ಆದರೆ ಕಂಪ್ಯೂಟರ್ ಆನ್ ಇರುವಾಗ ಕೇಬಲ್ ಕೀಳಬಾರದು, ಚುಚ್ಚಲೂಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದನ್ನು ನೆನಪಿಡಿ.

ಕೊಳ್ಳುವವರು ನೋಡಬೇಕಾದ್ದು ಇಷ್ಟು. ಪೋರ್ಟಿನ ಪಕ್ಕ ಮಿಂಚಿನ ಗುರುತು, ಜೊತೆಗೆ 4 ಅಥವಾ 5 ಅಂಕಿ ಇದ್ದರೆ ಥಂಡರ್‌ಬೋಲ್ಟ್. ಬರೀ ಮಿಂಚು ನೋಡಿ ನಂಬಬೇಡಿ, ಚಾರ್ಜಿಂಗ್ ಪೋರ್ಟಿಗೂ ಮಿಂಚಿನ ಗುರುತು ಹಾಕಿರುತ್ತಾರೆ. ಯುಎಸ್‌ಬಿ 4 ಅಂತಿದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಆ ನಿಯಮದಲ್ಲಿ ಕಂಪ್ಯೂಟರಿಗೆ ಪಿಸಿಐ ಎಕ್ಸ್‌ಪ್ರೆಸ್ ದಾರಿ ಕಡ್ಡಾಯವಲ್ಲ, ಕೊಟ್ಟವರೂ ಇದ್ದಾರೆ, ಬಿಟ್ಟವರೂ ಇದ್ದಾರೆ. ಮಾಡೆಲ್ ನಂಬರ್ ಹಿಡಿದು ಕಂಪನಿಯ ಮಾಹಿತಿ ಹಾಳೆ ತೆರೆದು ಓದಿ, ಆಮೇಲೆ ದುಡ್ಡು ಕೊಡಿ. ಕೇಬಲ್ ಕೂಡ ಫೋನ್ ಚಾರ್ಜರಿನದು ನಡೆಯುವುದಿಲ್ಲ, 40 ಗಿಗಾಬಿಟ್‌ದೇ ಬೇಕು.

ಆಪಲ್ ಮ್ಯಾಕ್ ಮಿನಿ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಆಪಲ್‌ನವರು 2018ರಲ್ಲಿ ಹೊರಗಿನ ಕಾರ್ಡಿಗೆ ಅಧಿಕೃತವಾಗಿ ಅವಕಾಶ ಕೊಟ್ಟಿದ್ದರು, ಅದೂ ಎಎಂಡಿ ಕಾರ್ಡ್‌ಗಳಿಗೆ, ಇಂಟೆಲ್ ಚಿಪ್ ಇದ್ದ ಮ್ಯಾಕ್‌ಗಳಲ್ಲಿ. 2020ರಲ್ಲಿ ಬಂದ ಆಪಲ್‌ನ ಸ್ವಂತ ಚಿಪ್ ಎಂ1ನಿಂದ ಈಚೆಗೆ ಅದು ಇಲ್ಲ. ಎಂ ಸರಣಿಯ ಮ್ಯಾಕ್ ಮಿನಿ ಎಡಿಟಿಂಗ್‌ಗೆ ಬಹಳ ಒಳ್ಳೆಯ ಯಂತ್ರ, ಆದರೆ ಕೊಳ್ಳುವಾಗಲೇ ನಿಮಗೆ ಬೇಕಾದಷ್ಟು ಶಕ್ತಿಯದ್ದನ್ನು, ಬೇಕಾದಷ್ಟು ಮೆಮೊರಿಯದ್ದನ್ನು ಕೊಳ್ಳಿ. ಆಮೇಲೆ ಕಾರ್ಡ್ ಸೇರಿಸುತ್ತೇನೆ ಅನ್ನುವ ಲೆಕ್ಕ ಅಲ್ಲಿ ಬೇಡ.

ನಮ್ಮ ಊರಿನ ಮಳೆ, ಕರೆಂಟಿನ ಬಗ್ಗೆ ಒಂದೆರಡು ಮಾತು ಬರೆಯಲೇಬೇಕು. ಆರ್‌ಟಿಎಕ್ಸ್ 3060 ಥರದ ಕಾರ್ಡ್ ಒಂದೇ 170 ವಾಟ್ ಎಳೆಯುತ್ತದೆ. ಅದರ 12 ಜಿಬಿ ಮಾದರಿ 4ಕೆ ಎಡಿಟಿಂಗ್‌ಗೆ ಈಗಲೂ ಸಾಕು ಅನ್ನುವುದು ನನ್ನ ಅನುಭವ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಇದನ್ನು ಹಾಕಬೇಡಿ, ಸೈನ್ ವೇವ್ ಇರಲಿ. ಲ್ಯಾಪ್‌ಟಾಪ್ ಇಟ್ಟುಕೊಂಡವರು ಇನ್ನೊಂದು ಎಚ್ಚರ ವಹಿಸಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ಡಬ್ಬ ಮಾತ್ರ ಆರಿಹೋಗುತ್ತದೆ. ಕಾರ್ಡ್ ಇದ್ದಕ್ಕಿದ್ದಂತೆ ಮಾಯವಾದರೆ ಎಡಿಟಿಂಗ್ ಸಾಫ್ಟ್‌ವೇರ್ ನಿಂತೇ ಹೋಗಬಹುದು, ಉಳಿಸದ ಕೆಲಸ ಅಷ್ಟೂ ಹೋಯಿತು. ಡಬ್ಬವನ್ನೂ ಯುಪಿಎಸ್ ಮೇಲೆಯೇ ಹಾಕಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಡಬ್ಬದ ಲೋಹ ಮುಟ್ಟಿದರೆ ಜುಮ್ ಅನ್ನುತ್ತೆ. ಮೊದಲು ಅದನ್ನು ಸರಿ ಮಾಡಿಸಿ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತಿಡಿ, ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ತೆರೆದ ಸ್ಟ್ಯಾಂಡಿನಲ್ಲಿ ಕಾರ್ಡ್ ಇಟ್ಟವರು ಮಳೆ ಶುರುವಾಗುವ ದಿನಗಳಲ್ಲಿ ದೀಪಕ್ಕೆ ಬರುವ ರೆಕ್ಕೆಹುಳುಗಳಿಂದ ಅದನ್ನು ಕಾಪಾಡಬೇಕು. ಫ್ಯಾನಿಗೆ ಸಿಕ್ಕಿ ರೆಕ್ಕೆಗಳು ಹೀಟ್‌ಸಿಂಕ್‌ನ ಸಂದಿಯಲ್ಲಿ ಅಂಟಿಕೊಳ್ಳುತ್ತವೆ. ಥಂಡಿಗೆ ಅಲ್ಲೇ ಬೂಷ್ಟೂ ಹಿಡಿಯುತ್ತದೆ. ನಮ್ಮ ಹವೆಗೆ ಮುಚ್ಚಿದ ಡಬ್ಬವೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಒಂದೇ ಮೇಜಿನ ಮೇಲೆ ಇಟ್ಟು ಕೆಲಸ ಮಾಡುವವರು, ಇನ್ನೂ ಏನೂ ಕೊಳ್ಳದವರು ದೊಡ್ಡ ಕ್ಯಾಬಿನೆಟ್‌ನ ಕಂಪ್ಯೂಟರನ್ನೇ ಕಟ್ಟಿಸಿಕೊಳ್ಳಲಿ. ಡಬ್ಬದ ಖರ್ಚು ಉಳಿಯುತ್ತದೆ, ಕಾರ್ಡಿಗೆ ಪೂರ್ತಿ ದಾರಿ ಸಿಗುತ್ತದೆ. ಈಗಾಗಲೇ ಸಣ್ಣದು ಇದ್ದವರಿಗೆ, ಹೊತ್ತುಕೊಂಡು ತಿರುಗುವವರಿಗೆ ಹೊರಗಿನ ಕಾರ್ಡ್ ಸರಿ. ಇದನ್ನು ಅಂಗಡಿಯವರೇ ಹೇಳಬೇಕು. ಹೇಳಿದರೆ ವ್ಯಾಪಾರ ಕಡಿಮೆಯಾಗುವುದಿಲ್ಲ, ನಂಬಿ ಮತ್ತೆ ಬರುವವರು ಹೆಚ್ಚಾಗುತ್ತಾರೆ.

ಜಿಲ್ಲೆಯ ಕಂಪ್ಯೂಟರ್ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಒಂದೇ. ಸಣ್ಣ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಮಾರುವಾಗ ಟೈಪ್-ಸಿ ಪೋರ್ಟ್ ಯಾವ ಬಗೆಯದು, ಹೊರಗಿನ ಗ್ರಾಫಿಕ್ಸ್ ಕಾರ್ಡಿಗೆ ಆಗುತ್ತದೋ ಇಲ್ಲವೋ ಅಂತ ಬಿಲ್ಲಿನಲ್ಲೇ ಒಂದು ಸಾಲು ಬರೆದುಕೊಡಿ. ಆಗ ಮಾತಿಗೆ ಆಧಾರ ಇರುತ್ತದೆ. ಕೊಳ್ಳುವವರೂ ಆ ಸಾಲು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ.

ಕುಶಾಲನಗರದಲ್ಲೂ ಪೊನ್ನಂಪೇಟೆಯಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ಅಧ್ಯಾಪಕರು ಮನಸ್ಸು ಮಾಡಿ ಒಂದು ಭಾನುವಾರ ಒಂದು ಕೋಣೆ ಬಿಟ್ಟುಕೊಟ್ಟರೆ, ಎಡಿಟಿಂಗ್ ಮಾಡುವ ನಮ್ಮ ಹುಡುಗ ಹುಡುಗಿಯರು ತಮ್ಮ ಕಂಪ್ಯೂಟರ್ ತಂದು ಯಾವುದಕ್ಕೆ ಏನು ಆಗುತ್ತದೆ ಅಂತ ಪರೀಕ್ಷಿಸಿಕೊಳ್ಳಬಹುದು. ನನ್ನ ಡಬ್ಬ, ಕಾರ್ಡ್, ಕೇಬಲ್ ತರಲು ನಾನು ಸಿದ್ಧ. ಪಕ್ಕದ ಲೈನಿನ ಹುಡುಗನೂ ತನ್ನ ಆಕ್ಯುಲಿಂಕ್ ಸ್ಟ್ಯಾಂಡ್ ತರುತ್ತಾನೆ. ಮೇ ತಿಂಗಳ ಮದುವೆಗಳು ಮುಗಿದು ಮಳೆ ಜೋರಾಗುವ ಮೊದಲು, ಜೂನ್ ಮೊದಲ ವಾರದಲ್ಲಿ ಇಟ್ಟುಕೊಂಡರೆ ಎಲ್ಲರಿಗೂ ಬರಲು ಅನುಕೂಲ.

ಇಂತಿ ತಮ್ಮ ಓದುಗಾರ್ತಿ,
ಮದುವೆ ವಿಡಿಯೊ ಎಡಿಟರ್, ಸುಂಟಿಕೊಪ್ಪ